ನನ್ನ ಫೇಲು ನನಗೆ ವಾಪಸ್ ಬೇಕು

ಹಲೋ... ಹಲೋ, ಯಾರು ಮಾತಾಡ್ತಿರೋದು?...

ಪರೀಕ್ಷಾ ವಿಭಾಗ ಅಂತ ಗೊತ್ತಿದ್ದೇ ಮಾಡಿದ್ದು ಸ್ವಾಮಿ. ನೀವು ಯಾರು ಅಂತ ಕೇಳ್ದೆ... ಸರಿ ಬಿಡಿ, ಯಾರಾದ್ರೂ ಆಗಿರಿ. ಸೂಪರಿಂಟೆಂಡೆಂಟ್ ಇದ್ದಾರಾ?...

ಮೀಟಿಂಗಾ? ಎಂಥ ಮೀಟಿಂಗು? ಅವರ ಮೊಬೈಲಿಗೆ ಮಾಡಿ ಮಾಡಿ ಸಾಕಾಗಿ ಆಫೀಸಿನ ನಂಬರಿಗೆ ಮಾಡಿದ್ದೀನಿ ನಾನು... ಅಲ್ಲ ರೀ, ನಿಮ್ಮ ಹಿಂದೆ ಕೆಮ್ತಾ ಇರೋದು ಯಾರು? ಆ ಕೆಮ್ಮನ್ನ ನಾನು ತೊಟ್ಟಿಲಲ್ಲಿ ಇದ್ದಾಗಿಂದ ಕೇಳಿದ್ದೀನಿ. ಮೀಟಿಂಗು ನಿಮ್ಮ ಕುರ್ಚಿ ಪಕ್ಕದಲ್ಲೇ ನಡೀತಿದೆಯಾ?...

ನಾನಾ? ಅವರ ಅಕ್ಕನ ಮಗಳು... ಹೌದು, ಹೊರದೇಶದಲ್ಲಿ ಇರೋಳೇ... ಹೌದು ರೀ, ಫಿಸಿಯೋಥೆರಪಿ ಓದಿದೋಳೇ. ನಿಮ್ಮ ಮಂಡಿನೋವು ಇನ್ನೊಂದು ದಿನ ಕೇಳ್ತೀನಿ, ಈಗ ಫೋನು ಅವರ ಕೈಗೆ ಕೊಡಿ...

ಮಾವ?... ಮಾವ, ನಾನು...

ಚೆನ್ನಾಗಿದ್ದೀನಾ ಅಂತ ಆಮೇಲೆ ಕೇಳಿ. ಮೊದಲು ಇದು ಹೇಳಿ, ನೀವ್ಯಾಕೆ ಫೋನ್ ಎತ್ತಲ್ಲ? ಊಟ ಆಯ್ತಾ ಅಂತ ಕೇಳೋಕೆ ದಿನಾ ಫೋನ್ ಮಾಡೋ ಮನುಷ್ಯ. ಡಿಗ್ರಿ ವಿಷಯ ಮಾತಾಡ್ಬೇಕು ಅಂತ ನಾನು ಕಳಿಸಿದ ಮೆಸೇಜು ನೋಡಿದ ಮೇಲೆ ಒಂದೇ ಸಮ ರಿಂಗಾಗುತ್ತೆ, ರಿಂಗಾಗುತ್ತೆ, ಕಟ್ಟಾಗುತ್ತೆ. ಏನು, ನಿಮಗೂ ನನಗೂ ಏನು ಜಗಳ?...

ಬೀಳ್ಕೊಡುಗೆ ಸಮಾರಂಭದ ಗಡಿಬಿಡಿನಾ? ರಿಟೈರ್ ಆಗೋದು ತಿಂಗಳ ಕೊನೆಗಲ್ವಾ? ಈಗಿನಿಂದಲೇ ಭಾಷಣ ಬಾಯಿಪಾಠ ಮಾಡ್ತಿದ್ದೀರಾ? ನನ್ನ ಕಿವಿ ಮೇಲೆ ಹೂವಿಡೋಕೆ ಬರಬೇಡಿ ಮಾವ...

ಏನು ಸದ್ದಾ? ಬಟ್ಟೆ ಒಗೆಯೋ ಮೆಷಿನ್ನು. ಕೆಲಸದ ಜಾಗದಲ್ಲೇ ಇದ್ದೀನಿ, ವೃದ್ಧಾಶ್ರಮದ ಬಟ್ಟೆ ಕೋಣೇಲಿ. ಬಾಗಿಲು ಹಾಕ್ಕೊಂಡು ಹಾಸಿಗೆ ಬಟ್ಟೆ ರಾಶಿ ಮೇಲೆ ಕೂತಿದ್ದೀನಿ. ಈ ಕಟ್ಟಡದಲ್ಲಿ ಬಾಯಿಬಿಟ್ಟು ಕಿರುಚೋಕೆ ಇರೋದು ಇದೊಂದೇ ಜಾಗ. ಮೆಷಿನ್ನು ನಿಲ್ಲೋದ್ರೊಳಗೆ ಕಿರುಚಿ ಮುಗಿಸ್ಬೇಕು...

ಹಾಂ, ಅದೇ ವಿಷಯ. ನನ್ನ ಡಿಗ್ರಿ ವಿಷಯ. ಉತ್ತರ ಬಂತು...

ಅಯ್ಯೋ, ಪೂರ್ತಿ ಕೇಳಿ ಮಾವ. ಅಲ್ಲಿ ಓದಿದ ಓದು ಇಲ್ಲಿನ ಓದಿಗೆ ಸಮ ಹೌದೋ ಅಲ್ವೋ ಅಂತ ತೂಗಿ ನೋಡೋ ಕಚೇರಿ ಇದೆಯಲ್ಲ, ಅವರು ಬರೆದಿದ್ದಾರೆ. ಸಮ ಅಂತ ಬರೆದಿಲ್ಲ. ಸಮ ಅಲ್ಲ ಅಂತಲೂ ಬರೆದಿಲ್ಲ. ದಾಖಲೆ ಸುಳ್ಳು ಇರಬಹುದು ಅಂತ ಬರೆದಿದ್ದಾರೆ. ಕೇಳಿಸ್ತಾ? ಸುಳ್ಳು! ವಿವರಣೆ ಕೊಡಿ, ಕೊಡದಿದ್ರೆ ಅರ್ಜಿ ಮುಚ್ತೀವಿ, ಆಮೇಲೆ ಎಷ್ಟೋ ವರ್ಷ ನೀವು ಅರ್ಜಿನೇ ಹಾಕೋ ಹಾಗಿಲ್ಲ ಅಂತ. ನನಗೆ ಮಾವ, ನನಗೆ! ಪಕ್ಕದೋಳ ಪೇಪರ್ ಕಡೆ ಕತ್ತು ತಿರುಗಿಸಿದೋಳಲ್ಲ ನಾನು...

ನಾನೇನು ಮಾಡಿದೆ ಅಂತ ಕೇಳ್ತೀರಾ? ನನ್ನ ಹತ್ರ ಇದ್ದ ಮಾರ್ಕ್ಸ್ ಕಾರ್ಡೆಲ್ಲ ಕಳಿಸಿದೆ, ಒಂದೂ ಬಿಡದೆ. ಅಷ್ಟೇ ನಾನು ಮಾಡಿದ್ದು. ಎಲ್ಲ ವರ್ಷದ ಅಂಕ ಒಂದೇ ಕಡೆ ಇರೋ ಟ್ರಾನ್ಸ್‌ಕ್ರಿಪ್ಟು ಮಾತ್ರ ಯೂನಿವರ್ಸಿಟಿಯಿಂದ ನೇರವಾಗಿ ಅವರಿಗೇ ಹೋಗ್ಬೇಕು, ನಾನು ಮುಟ್ಟಬಾರದು, ಅದು ಅವರ ನಿಯಮ. ಅಲ್ವಾ? ನೀವೇ ಅಂದ್ರಲ್ಲ, ನಾನಿದ್ದೀನಿ ಬಿಡು, ನನ್ನ ಕೈಯಾರೆ ಕಳಿಸ್ತೀನಿ ಅಂತ. ಅವರು ನಾನು ಕಳಿಸಿದ್ದನ್ನೂ ನೀವು ಕಳಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ತಾಳೆ ಆಗ್ತಿಲ್ಲ...

ಎಲ್ಲಿ ಅಂತನಾ? ಅನಾಟಮೀಲಿ. ಮೊದಲ ವರ್ಷದ ಅನಾಟಮಿ. ನಾನು ಫೇಲಾಗಿದ್ದೆ ಅಲ್ವಾ? ಆಮೇಲೆ ಸಪ್ಲಿಮೆಂಟರಿ ಬರೆದು ಎಪ್ಪತ್ತೆಂಟು ತಗೊಂಡು ಪಾಸಾಗಿದ್ದು. ಫೇಲಾದ ಕಾರ್ಡು, ಪಾಸಾದ ಕಾರ್ಡು, ಎರಡನ್ನೂ ಕಳಿಸಿದ್ದೀನಿ ನಾನು. ನಿಮ್ಮ ಟ್ರಾನ್ಸ್‌ಕ್ರಿಪ್ಟಲ್ಲಿ ಫೇಲೇ ಇಲ್ಲ ಮಾವ! ಮೊದಲ ಸಲಕ್ಕೇ ಪಾಸು, ಅದೂ ಎಪ್ಪತ್ತೆಂಟು! ಅದೇ ಪರೀಕ್ಷೆಗೆ ನನ್ನ ಕಾರ್ಡಲ್ಲಿ ಇಪ್ಪತ್ತೊಂಬತ್ತು!...

ಅಯ್ಯೋ, ಅವರಿಗೆ ಏನರ್ಥ ಆಗ್ಬೇಕು ಹೇಳಿ. ಎರಡರಲ್ಲಿ ಒಂದು ಸುಳ್ಳು. ಫೇಲಾದೆ ಅಂತ ಸುಳ್ಳು ಕಾರ್ಡು ಮಾಡಿಸ್ಕೊಳ್ಳೋ ಹುಚ್ಚಿ ಈ ಪ್ರಪಂಚದಲ್ಲಿ ಯಾರಾದ್ರೂ ಇದ್ದಾರಾ? ಇಲ್ಲ. ಹಾಗಾದ್ರೆ ಸುಳ್ಳು ಯಾವುದು? ಯೂನಿವರ್ಸಿಟಿದು. ಅದರಿಂದ ಲಾಭ ಯಾರಿಗೆ? ನನಗೆ. ಅಂದ್ರೆ ನಾನೇ ಯಾರದೋ ಕೈ ಬೆಚ್ಚಗೆ ಮಾಡಿ ತಿದ್ದಿಸಿದ್ದೀನಿ ಅಂತ ಅವರ ಲೆಕ್ಕ. ಅವರ ಜಾಗದಲ್ಲಿ ನಾನಿದ್ರೂ ಹಾಗೇ ಅಂದ್ಕೊಳ್ತಿದ್ದೆ...

ಹೇಳಿ ಮಾವ. ನಿಮ್ಮ ವಿಭಾಗದಲ್ಲಿ ಯಾವ ಕತ್ತೆ ಮಾಡಿದ್ದು ಈ ಕೆಲಸ? ಎಲ್ಲಿ ಮೇಯೋಕೆ ಹೋಗಿತ್ತು ಅದರ ಬುದ್ಧಿ?...

ಟೈಪ್ ಮಾಡೋದು ಯಾರು ಈಗ?... ಹಂಗಾಮಿ ಹುಡುಗಿನಾ? ಹೊಸಬಳಾ? ಸರಿಹೋಯ್ತು. ಕಣ್ಣು ಎಲ್ಲಿಟ್ಕೊಂಡಿದ್ಲಂತೆ? ಇಲ್ಲೊಬ್ಬಳು ಬದುಕು ಕಟ್ಕೊಳ್ಳೋಕೆ ಒದ್ದಾಡ್ತಿದ್ದಾಳೆ ಅನ್ನೋ ಪರಿಜ್ಞಾನ ಬೇಡ್ವಾ? ತೆಗೆದುಹಾಕಿ ಮಾವ ಅಂಥೋಳನ್ನ. ಕನಿಕರ ತೋರಿಸ್ಬೇಡಿ, ಇವತ್ತೇ ಮನೆಗೆ ಕಳಿಸಿ...

ಯಾಕೆ? ಹಾಗನ್ನಬಾರದು ಯಾಕೆ?...

ಕೊಟ್ಟಿದ್ದನ್ನ ಕೊಟ್ಟ ಹಾಗೇ ಟೈಪ್ ಮಾಡಿದ್ಲು ಅಂದ್ರೆ? ಕೊಟ್ಟಿದ್ದು ಯಾರು?...

ಮಾವ, ಕೆಮ್ಮಬೇಡಿ. ಕೊಟ್ಟಿದ್ದು ಯಾರು ಅಂತ ಕೇಳ್ದೆ...

......

ನೀವಾ?...

......

ಒಂದು ನಿಮಿಷ. ಯಾರೋ ಬಾಗಿಲು ಬಡೀತಿದ್ದಾರೆ... ಹಾಂ, ಮೇಲ್ವಿಚಾರಕಿ. ಹಾಸಿಗೆ ಬಟ್ಟೆ ಎಲ್ಲಿ ಅಂತ ಬಂದಿದ್ಲು, ಅರ್ಧ ಕೊಟ್ಟು ಕಳಿಸಿದೆ. ಹೇಳಿ ಮಾವ. ಕಣ್ತಪ್ಪಿ ಆಯ್ತಾ?...

ಬೇಕು ಅಂತಲೇ ಮಾಡಿದ್ರಾ?...

ಮನಸ್ಸು ಬರ್ಲಿಲ್ವಾ? ಏನಕ್ಕೆ ಮನಸ್ಸು ಬರ್ಲಿಲ್ಲ?... ನಮ್ಮ ಹುಡುಗಿ ಹೆಸರಿನ ಮುಂದೆ ಅನುತ್ತೀರ್ಣ ಅಂತ ಬರೆದು, ಯಾರೋ ಗುರುತಿಲ್ಲದೋರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ಆಹಾ! ಅವರೆಲ್ಲಿ ನನ್ನ ಬಗ್ಗೆ ತಪ್ಪು ತಿಳ್ಕೊಳ್ತಾರೋ ಅಂತ ನಿಮಗೆ ಸಂಕಟ ಆಯ್ತು. ಈಗ ತಿಳ್ಕೊಂಡಿದ್ದಾರೆ ನೋಡಿ, ಕಳ್ಳಿ ಅಂತ! ದಡ್ಡಿ ಅಂದ್ಕೊಂಡಿದ್ರೆ ನನ್ನ ಗಂಟೇನೂ ಹೋಗ್ತಿರ್ಲಿಲ್ಲ...

ಪುಟ್ಟಿ ಅಂತ ಕರೀಬೇಡಿ ಈಗ. ಆ ಹೆಸರು ಕೇಳಿದ್ರೆ ನನ್ನ ಕೋಪ ಅರ್ಧ ಇಳಿಯುತ್ತೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಇಳೀಬಾರದು ಇವತ್ತು...

ಅಲ್ಲ ಮಾವ, ಎಷ್ಟು ಸಾವಿರ ಮಕ್ಕಳ ಫೇಲು ನಿಮ್ಮ ಕೈ ಮೇಲೆ ಹೋಗಿದೆ? ಆಡಳಿತ ಮಂಡಳಿಯೋರ ಮಗನ ಮಾರ್ಕು ತಿದ್ದು ಅಂತ ಬಂದಾಗ ಬಾಗಿಲು ತೋರಿಸಿದೋರು ನೀವು. ಅದಕ್ಕೆ ನಿಮ್ಮನ್ನ ಎರಡು ವರ್ಷ ಗೋದಾಮಿನ ಪಕ್ಕದ ಆ ಕತ್ತಲೆ ಕೋಣೇಲಿ ಕೂರಿಸಿದ್ರು. ನಾನು ಕಾಲೇಜಲ್ಲೆಲ್ಲ ಕೊಚ್ಕೊಂಡು ತಿರುಗಿದ್ದೀನಿ, ನಮ್ಮ ಮಾವ ಅರ್ಧ ಮಾರ್ಕನ್ನೂ ಆಚೀಚೆ ಮಾಡೋರಲ್ಲ ಅಂತ. ಅಂಥೋರು ನನ್ನ ವಿಷಯಕ್ಕೆ ಬಂದ ತಕ್ಷಣ...

ಪ್ರೀತಿ! ಹಾಂ, ಪ್ರೀತಿ. ಗೊತ್ತು. ನೀವು ನನ್ನ ಸಾಕಿದ್ದು ನನಗೆ ಮರೆತು ಹೋಗಿಲ್ಲ. ಆದ್ರೆ ಆ ಪ್ರೀತಿ ತಗೊಂಡು ಹೋಗಿ ಅವರ ಕಚೇರಿ ಕಿಟಕೀಲಿ ಕೊಟ್ರೆ, ಯಾವ ಕಂತೆಗೆ ಸೇರಿಸ್ತಾರೆ ಅದನ್ನ?...

ನಾಚಿಕೆನಾ? ಯಾರಿಗೆ ನಾಚಿಕೆ? ನನಗಂತೂ ಇಲ್ಲ. ನನ್ನ ಫೇಲಿನ ಬಗ್ಗೆ ನನಗೆ ಯಾವತ್ತೂ ನಾಚಿಕೆ ಇರ್ಲಿಲ್ಲ ಮಾವ, ಆಗಿದ್ದು ನಿಮಗೆ. ನಾನ್ಯಾಕೆ ಫೇಲಾದೆ ಗೊತ್ತಾ?... ಜ್ವರ ಅಲ್ಲ. ಜ್ವರ ಅನ್ನೋದು ನಿಮ್ಮ ಸಮಾಧಾನಕ್ಕೆ ನೀವೇ ಕಟ್ಕೊಂಡ ಕತೆ. ಹೆಣ ಕುಯ್ಯೋ ಕೋಣೆ ಬಾಗಿಲಿಗೆ ಹೋದ್ರೆ ಸಾಕು, ಆ ಔಷಧಿ ವಾಸನೆಗೆ ಹೊಟ್ಟೆ ತೊಳಸ್ತಿತ್ತು. ವರ್ಷ ಪೂರ್ತಿ ಹಿಂದಿನ ಸಾಲಲ್ಲಿ ಮೂಗಿಗೆ ಕರ್ಚೀಫ್ ಹಿಡ್ಕೊಂಡು, ಕಣ್ಣು ಮುಚ್ಕೊಂಡು ನಿಂತಿದ್ದೆ. ಪುಸ್ತಕದ ಚಿತ್ರ ನೋಡಿ ಪರೀಕ್ಷೆ ಬರೆದೆ. ಫೇಲಾಗದೆ ಇನ್ನೇನಾಗ್ತೀನಿ?...

ಹಾಂ, ಆಮೇಲೆ ಹೋದೆ. ಫೇಲಾಯ್ತಲ್ಲ, ಅವತ್ತು ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ರಜೆ ಪೂರ್ತಿ ದಿನಾ ಹೋಗಿ ಆ ಮೇಜಿನ ತಲೆ ಹತ್ರ ನಿಂತೆ. ಮೊದಮೊದಲು ವಾಂತಿ ಮಾಡ್ಕೊಂಡೆ, ಬಾಯಿ ತೊಳ್ಕೊಂಡು ಬಂದು ಮತ್ತೆ ನಿಂತೆ. ಒಂದೊಂದು ನರನೂ ಕೈಯಲ್ಲಿ ಹಿಡಿದು ಕಲಿತೆ. ಆ ಎಪ್ಪತ್ತೆಂಟು ಹಾಗೆ ಬಂದಿದ್ದು ಮಾವ! ಇಪ್ಪತ್ತೊಂಬತ್ತು ಇಲ್ದೆ ಎಪ್ಪತ್ತೆಂಟು ಎಲ್ಲಿಂದ ಬರುತ್ತೆ? ನೀವು ಬುಡ ಕಡಿದು ಹಣ್ಣು ಮಾತ್ರ ತಟ್ಟೇಲಿಟ್ಟು ಕಳಿಸಿದ್ದೀರಿ...

ಇಲ್ಲ, ನಾನು ನಿಮಗೆ ಹೇಳಿಲ್ಲ ಇದನ್ನ. ನೀವು ಕೇಳಿದ್ರೆ ತಾನೇ? ಅವತ್ತೂ ಹೀಗೇ. ಫಲಿತಾಂಶ ನನಗಿಂತ ಮುಂಚೆ ನಿಮಗೆ ಗೊತ್ತಾಯ್ತು. ನಾನು ಮನೆಗೆ ಬರೋದ್ರೊಳಗೆ ಅಮ್ಮನಿಗೆ ಹೇಳಿಬಿಟ್ಟಿದ್ರಿ, ಇಡೀ ಕ್ಲಾಸಿನ ರಿಸಲ್ಟೇ ತಡೆಹಿಡಿದಿದ್ದಾರೆ ಅಂತ. ನಾನು ಫೇಲಾದೆ ಅಮ್ಮ ಅನ್ನೋಕೆ ಬಾಯಿ ತೆಗೆದ್ರೆ ನೀವು ಕಣ್ಣು ಬಿಟ್ರಿ. ಇವತ್ತಿಗೂ ಅಮ್ಮ ಸಿಕ್ಕಿದೋರಿಗೆಲ್ಲ ಹೇಳ್ತಾಳೆ, ನನ್ನ ಮಗಳು ಎಡವಿದ್ದೇ ಇಲ್ಲ ಅಂತ. ಅದು ಕೇಳಿದಾಗೆಲ್ಲ ಅವಳು ಯಾರೋ ಬೇರೆ ಮಗಳ ಬಗ್ಗೆ ಮಾತಾಡ್ತಿದ್ದಾಳೆ ಅನ್ಸುತ್ತೆ ನನಗೆ...

ಅಳ್ತಿಲ್ಲ. ನೆಗಡಿ. ಇಲ್ಲಿ ಸೋಪಿನ ಪುಡಿ ಹಾರುತ್ತೆ...

ಏನಾಗುತ್ತೆ ಅಂತ ಕೇಳ್ತೀರಾ? ಇಲ್ಲಿರೋಕೆ ಕೊಟ್ಟಿರೋ ನಮ್ಮ ಪರ್ಮಿಟ್ಟು ಮುಗೀತಾ ಬಂತು. ಡಿಗ್ರಿ ಒಪ್ಪಿದ್ರೆ ಇಲ್ಲೇ ಇರಬಹುದು, ನನ್ನ ಕೆಲಸ ನಾನು ಮಾಡಬಹುದು. ಇಲ್ಲಾಂದ್ರೆ ಮೂವರೂ ಗಂಟುಮೂಟೆ ಕಟ್ಟಬೇಕು. ಇವರು ಅಲ್ಲಿನ ಅಂಗಡಿ ಮುಚ್ಚಿ ನನ್ನ ಹಿಂದೆ ಬಂದ್ರು, ನನ್ನ ಓದನ್ನ ನಂಬಿ. ಮಗಳು ಬಂದ ಹೊಸದರಲ್ಲಿ ಸ್ಕೂಲಲ್ಲಿ ಬಾಯೇ ಬಿಡ್ತಿರ್ಲಿಲ್ಲ. ಈಗ ಎರಡು ಬೀದಿ ಆಚೆಯಿಂದ ಒಂದು ಹುಡುಗಿ ಇವಳನ್ನ ಕೂಗ್ಕೊಂಡು ಬರ್ತಾಳೆ. ಹೋಗೋಣ ನಡಿ ಅಂತ ಹೇಗೆ ಹೇಳ್ಲಿ ಅದಕ್ಕೆ?...

ನನ್ನ ಕೆಲಸನಾ? ಇಲ್ಲಿ ನಾನು ಸಹಾಯಕಿ ಮಾವ. ಎತ್ತೋದು, ಕೂರಿಸೋದು, ಒರೆಸೋದು. ಒಬ್ಬರು ಅಜ್ಜ ಇದ್ದಾರೆ, ದರ್ಜಿ ಆಗಿದ್ದೋರು. ಭುಜ ಹಿಡ್ಕೊಂಡುಬಿಟ್ಟಿದೆ, ತಮ್ಮ ಶರಟಿನ ಗುಂಡಿ ತಾವು ಹಾಕ್ಕೊಳ್ಳೋಕೆ ಆಗಲ್ಲ. ದಿನಾ ಒಂದಿಷ್ಟು ಹೊತ್ತು ಅವರ ತೋಳು ನನ್ನ ಕೈಗೆ ಕೊಟ್ರೆ ಸಡಿಲ ಮಾಡ್ತೀನಿ. ಕೊಡಲ್ಲ. ಚಿಕಿತ್ಸೆ ಮಾಡೋ ಹಕ್ಕು ನಿನಗಿಲ್ಲ, ಗುಂಡಿ ಹಾಕು ಸಾಕು ಅಂತಾಳೆ ಮೇಲ್ವಿಚಾರಕಿ. ದಿನಾ ಬೆಳಿಗ್ಗೆ ಗುಂಡಿ ಹಾಕ್ತೀನಿ, ಹೊಟ್ಟೆ ಉರಿಯುತ್ತೆ...

ಏನಂದ್ರಿ?... ಇನ್ನೊಂದ್ಸಲ ಹೇಳಿ...

ನನ್ನ ಹತ್ರ ಇರೋ ಫೇಲ್ ಕಾರ್ಡು ತಪ್ಪಾಗಿ ಅಚ್ಚಾಗಿತ್ತು ಅಂತ ಬರೆದುಕೊಡ್ತೀರಾ? ಮಾವ! ನಿಮಗೆ ತಲೆಗಿಲೆ ಕೆಟ್ಟಿದೆಯಾ? ಒಂದು ತೂತು ಮುಚ್ಚೋಕೆ ಪಕ್ಕದಲ್ಲಿ ಇನ್ನೊಂದು ತೂತು ಕೊರೀತೀರಾ? ನಾಳೆ ಅವರು ಹಳೇ ರಿಜಿಸ್ಟರ್ ತೋರಿಸಿ ಅಂದ್ರೆ? ಅದನ್ನೂ ತಿದ್ತೀರಾ? ಆಮೇಲೆ ಸಪ್ಲಿಮೆಂಟರಿ ಕಾರ್ಡು ಯಾಕೆ ಬಂತು ಅಂದ್ರೆ? ಪರೀಕ್ಷಾ ಕೋಣೆಗೆ ಸುಮ್ನೆ ಹೋಗಿ ಇನ್ನೊಂದ್ಸಲ ಪರೀಕ್ಷೆ ಬರೆದು ಬಂದ್ಲು, ಅವಳಿಗೆ ಅದೊಂದು ಖಯಾಲಿ ಅಂತೀರಾ?...

ನಗಬೇಡಿ. ನಾನು ನಗಿಸೋಕೆ ಹೇಳಿದ್ದಲ್ಲ...

ನನಗೆ ಬೇಕಾಗಿರೋದು ಒಂದೇ. ನನ್ನ ಫೇಲು ನನಗೆ ವಾಪಸ್ ಬೇಕು. ಹೇಗಿತ್ತೋ ಹಾಗೆ. ಇಪ್ಪತ್ತೊಂಬತ್ತು, ಅನುತ್ತೀರ್ಣ, ಆಮೇಲೆ ಎರಡನೇ ಪ್ರಯತ್ನ, ಎಪ್ಪತ್ತೆಂಟು. ಹೊಸ ಟ್ರಾನ್ಸ್‌ಕ್ರಿಪ್ಟು ಮಾಡಿ, ಹಿಂದೆ ಬಂದಿದ್ದು ಸರಿಯಿಲ್ಲ, ತಪ್ಪು ನಮ್ಮದು, ಇವಳದ್ದಲ್ಲ ಅಂತ ಕಾಗದ ಬರೆದು ನಿಮ್ಮ ಆಫೀಸಿಂದಲೇ ಕಳಿಸಿ. ಇವತ್ತೇ. ಬೀಳ್ಕೊಡುಗೆ ಆಗ್ಲಿ, ಆಮೇಲೆ ನೋಡೋಣ ಅಂದ್ರೆ ನಾನು ಒಪ್ಪಲ್ಲ...

ಸರಿ ಅಂದ್ರಾ?... ಇಷ್ಟು ಬೇಗ ಸರಿ ಅಂದ್ರಾ?...

ಕಾರಣನಾ? ಕಾರಣ ಏನು ಬರೀಬೇಕು ಅಂದ್ರೆ... ಬರೀರಿ ಏನೋ ಒಂದು. ಟೈಪ್ ಮಾಡೋವಾಗ ತಪ್ಪಾಯ್ತು ಅಂತ ಬರೀರಿ. ಎಲ್ಲ ಆಫೀಸಲ್ಲೂ ಆಗುತ್ತೆ...

ಯಾರ ಮೇಲೆ ಬರುತ್ತೆ?... ಓ. ಟ್ರಾನ್ಸ್‌ಕ್ರಿಪ್ಟಿನ ಕೆಳಗೆ ಆ ಹುಡುಗಿ ಹೆಸರಿನ ಮೊದಲಕ್ಷರ ಇರುತ್ತಾ? ಇರುತ್ತೆ, ಹಾಂ, ಟೈಪ್ ಮಾಡಿದೋರದ್ದು... ಅವಳನ್ನ ತೆಗೆದುಹಾಕ್ತಾರೆ ಅಂತೀರಾ? ಒಂದು ತಪ್ಪಿಗೆ ಯಾರಾದ್ರೂ...

ಅದು ಕೋಪದಲ್ಲಿ ಅಂದಿದ್ದು ಮಾವ! ಮನೆಗೆ ಕಳಿಸಿ ಅಂತ ನಾನು ಕೋಪದಲ್ಲಿ ಅಂದಿದ್ದು. ಅವಳು ಯಾರು ಅಂತ ಕೂಡ ನನಗೆ ಗೊತ್ತಿಲ್ಲ... ಸರಿ, ಬೇಡ. ಅವಳ ತಲೆಗೆ ಕಟ್ಟೋದು ಬೇಡ. ನಿಮ್ಮದೇ ಕಣ್ತಪ್ಪು ಅಂತ ಬರೀರಿ. ವಯಸ್ಸಾಯ್ತು, ಕನ್ನಡಕ ಬದಲಾಯಿಸಬೇಕಿತ್ತು ಅಂತ...

ಮೂರು ಕಡೆನಾ?... ಅಂಕ, ಪರೀಕ್ಷೆ ತಿಂಗಳು, ಪ್ರಯತ್ನ, ಮೂರು ಕಡೆನೂ ತಿದ್ದಿದ್ದೀರಾ? ಅಷ್ಟು ಅಚ್ಚುಕಟ್ಟಾಗಿ ಯಾಕೆ ಮಾಡೋಕೆ ಹೋದ್ರಿ ಮಾವ? ಸುಳ್ಳನ್ನೂ ಇಷ್ಟು ನೀಟಾಗಿ ಮಾಡ್ತಾರಾ?...

ಹೌದು. ಯಾರೂ ನಂಬಲ್ಲ. ಕಣ್ತಪ್ಪು ಮೂರು ಕಡೆ ಆಗಲ್ಲ. ಮತ್ತೆ ನನ್ನ ಮೇಲೇ ಬರುತ್ತೆ ಅನುಮಾನ...

ಏನು ಬರೀತೀರಿ ಮತ್ತೆ?...

......

ಬೇಡ. ಅದು ಬರೀಬೇಡಿ...

ಬೇಡ ಅಂದೆ ಮಾವ! ಗೊತ್ತಿದ್ದೇ ತಿದ್ದಿದೆ, ಅವಳು ನನ್ನ ಅಕ್ಕನ ಮಗಳು, ಅವಳಿಗೆ ಇದರ ಸುಳಿವೂ ಇಲ್ಲ ಅಂತ ನಿಮ್ಮ ಸಹಿ ಹಾಕಿ ಬರೆದ್ರೆ ಏನಾಗುತ್ತೆ ಗೊತ್ತಾ ನಿಮಗೆ? ಅದರ ಪ್ರತಿ ರಿಜಿಸ್ಟ್ರಾರ್ ಮೇಜಿಗೆ ಹೋಗುತ್ತೆ. ವಿಚಾರಣೆ ಕೂರಿಸ್ತಾರೆ. ಬೀಳ್ಕೊಡುಗೆ ಅಲ್ಲ, ಅಮಾನತು ಮಾಡ್ತಾರೆ. ಪಿಂಚಣಿ ಹಿಡಿದಿಟ್ಕೊಂಡು ಆಟ ಆಡಿಸ್ತಾರೆ. ಆ ಮಂಡಳಿಯೋರು ಇಂಥದ್ದಕ್ಕೇ ಕಾಯ್ತಿದ್ದಾರೆ, ನಿಮಗೇ ಗೊತ್ತು. ಎರಡು ವರ್ಷ ಕತ್ತಲೆ ಕೋಣೇಲಿ ಕೂತು ಉಳಿಸ್ಕೊಂಡ ಮರ್ಯಾದೆ ಮಾವ ಅದು. ಅತ್ತೆಗೆ ಏನು ಹೇಳ್ತೀರಿ? ಅಮ್ಮನಿಗೆ?...

ಹೌದು, ನಾನೇ ಕೇಳಿದ್ದು! ನಿಜ ಬರೀರಿ ಅಂದಿದ್ದು ನಾನೇ! ನಿಜ ಅಂದ್ರೆ ಇಷ್ಟು ದೊಡ್ಡದು ಅಂತ ನನಗೇನು ಗೊತ್ತಿತ್ತು? ನನ್ನ ಫೇಲು ಕೊಡಿ ಅಂದೆ, ನಿಮ್ಮ ನೌಕರಿ ಕೊಡಿ ಅನ್ಲಿಲ್ಲ...

ಈಗ ಬಂತಾ ನಿಮಗೆ ಸತ್ಯದ ಮೇಲೆ ಅಷ್ಟೊಂದು ಅಕ್ಕರೆ? ಆವಾಗ ಎಲ್ಲಿ ಹೋಗಿತ್ತು ಅದು?...

ನೋಡಿ, ಒಂದು ದಿನ ತಡೀರಿ. ಒಂದೇ ದಿನ. ನಾನು ಇವರ ಹತ್ರ ಮಾತಾಡ್ತೀನಿ, ಇಲ್ಲಿ ಯಾರಾದ್ರೂ ವಕೀಲರನ್ನ ಕೇಳ್ತೀನಿ. ಆ ಕಚೇರಿಗೆ ಬರೆದು ಇನ್ನಷ್ಟು ಸಮಯ ಕೇಳ್ತೀನಿ. ಏನಾದ್ರೂ ದಾರಿ ಇರುತ್ತೆ. ಇಲ್ಲಾಂದ್ರೆ ಬಿಡಿ, ಬಂದುಬಿಡ್ತೀವಿ, ಬಂದ್ರೆ ಏನು ಆಕಾಶ ಕಳಚಿ ಬೀಳುತ್ತಾ?...

ಇಲ್ಲ, ನನಗೇನೂ ಇಲ್ಲೇ ಇರಬೇಕು ಅಂತಿಲ್ಲ... ಸುಳ್ಳಲ್ಲ... ಸರಿ, ಸುಳ್ಳು. ಇರಬೇಕು ಅಂತಿದೆ. ತುಂಬಾ ಇದೆ. ಆದ್ರೂ ಬೇಡ...

ಮಾವ, ಅದೇನು ಸದ್ದು?...

ನೀವೇ ಟೈಪ್ ಮಾಡ್ತಿದ್ದೀರಾ? ಆ ಹುಡುಗೀನ ಎಬ್ಬಿಸಿ ನೀವೇ ಕೂತಿದ್ದೀರಾ? ಯಾವಾಗಿಂದ?... ನಾನು ಮಾತಾಡ್ತಾ ಇದ್ದಾಗಿಂದಲೂನಾ?...

ಕೈ ತೆಗೀರಿ ಅದರ ಮೇಲಿಂದ. ಮಾವ, ಕೇಳಿಸ್ತಿದೆಯಾ? ಅವತ್ತು ಅಮ್ಮನಿಗೆ ಸುಳ್ಳು ಹೇಳಿದಾಗ ನನ್ನ ಕೇಳ್ಲಿಲ್ಲ. ಮಾರ್ಕು ತಿದ್ದಿದಾಗ ನನ್ನ ಕೇಳ್ಲಿಲ್ಲ. ಈಗ ನಿಮ್ಮ ತಲೆ ಕೊಡೋಕೆ ಹೊರಟಿದ್ದೀರಿ, ಈಗಲೂ ಕೇಳ್ತಿಲ್ಲ! ನನ್ನ ಬದುಕಿನ ವಿಷಯ ಮಾವ, ಒಂದೇ ಒಂದ್ಸಲ ಕೇಳಿ ನನ್ನ...

ಪುಟ್ಟಿ ಅನ್ನಿ ಬೇಕಾದ್ರೆ. ಅನ್ನಿ. ಕೋಪ ಇಲ್ಲ ನನಗೆ. ಎಲ್ಲ ಇಳೀತು, ನೋಡಿ...

ಮಾವ, ಸದ್ದು ಯಾಕೆ ನಿಂತುಹೋಯ್ತು?... ಮುಗೀತಾ? ಕಳಿಸಿಬಿಟ್ರಾ?... ಮಾವ, ಕಳಿಸಿಬಿಟ್ರಾ ಅಂತ ಕೇಳ್ದೆ...

ಹಲೋ?... ಹಲೋ?...